ಪೂರ್ತಿ ರೊಕ್ಕ ಕೊಟ್ಟು ತಂದ ಕಾರು

ಮಡಗಾಂವಿನ ಒಂದು ಬ್ಯಾಂಕಿನಲ್ಲಿ ವಾಹನ ಸಾಲದ ಮೇಜು ನನ್ನದಾಗಿತ್ತು. ಮದುವೆಯಾಗಿ ಧಾರವಾಡದಿಂದ ಗೋವಾಕ್ಕೆ ಬಂದ ಮೇಲೆ ಪರೀಕ್ಷೆ ಬರೆದು ಸಂಪಾದಿಸಿದ ನೌಕರಿ. ಬೆಳಿಗ್ಗೆ ಫೋಂಡಾದಿಂದ ಬಸ್ಸು ಹಿಡಿದು ಹೋದರೆ ಸಂಜೆಯವರೆಗೆ ಜನ ನನ್ನೆದುರು ಕೂತು ಒಂದೇ ಪ್ರಶ್ನೆ ಕೇಳುತ್ತಿದ್ದರು. ಕಾರಿಗೆ ಪೂರ್ತಿ ರೊಕ್ಕ ಕೊಡುವುದು ಒಳ್ಳೆಯದೋ, ಸಾಲ ಮಾಡುವುದೋ? ಸಾಲ ಮಾರುವುದೇ ನನ್ನ ಕೆಲಸವಾಗಿದ್ದರೂ ನಾನು ಯಾರಿಗೂ ಸುಳ್ಳು ಹೇಳಲಿಲ್ಲ. ಕೈಯಲ್ಲಿ ಹೆಚ್ಚಿಗೆ ಇದ್ದರೆ ಕೊಟ್ಟುಬಿಡಿ, ಬಡ್ಡಿ ಉಳಿಯುತ್ತದೆ. ಇರುವುದು ಅಷ್ಟೇ ಆಗಿದ್ದರೆ ಅದನ್ನು ಕಾರಿಗೆ ಸುರಿಯಬೇಡಿ, ಕಾರು ಅಂಗಡಿಯಿಂದ ಹೊರಗೆ ಬಂದ ದಿನವೇ ಬೆಲೆ ಕಳೆದುಕೊಳ್ಳುತ್ತದೆ ಎನ್ನುತ್ತಿದ್ದೆ. ಜನ ತಲೆಯಾಡಿಸಿ ಹೋಗುತ್ತಿದ್ದರು. ಕೆಲವರು ಆಮೇಲೆ ಪೇಢೆಯ ಡಬ್ಬಿ ಹಿಡಿದು ಬಂದು ಥ್ಯಾಂಕ್ಸ್ ಹೇಳಿದ್ದೂ ಉಂಟು.

ನನ್ನ ಗಂಡ ಬೆಳಗಾವಿ ಹತ್ತಿರದ ಹಳ್ಳಿಯವರು. ವಾಸ್ಕೋ ಬಂದರಿನಲ್ಲಿ ಕೂಲಿಗಳ ಮೇಲ್ವಿಚಾರಕರಾಗಿದ್ದರು. ಅದಿರಿಗೆ ಬೆಲೆ ಬಂದ ವರ್ಷಗಳಲ್ಲಿ ಆ ಕೆಲಸ ಬಿಟ್ಟು ಒಂದು ಟ್ರಕ್ ತಂದರು. ಆಮೇಲೆ ಎರಡು, ಆಮೇಲೆ ಐದು. ಸಾವರ್ಡೆ ಕಡೆಯ ಗಣಿಗಳಿಂದ, ನದಿಯಲ್ಲಿ ದೋಣಿಗೆ ತುಂಬುವ ದಕ್ಕೆಗೆ ಅದಿರು ಹೊರುವ ಟ್ರಕ್‌ಗಳು. ಐದೂ ಖಾಸಗಿ ಹಣಕಾಸು ಕಂಪನಿಯ ಸಾಲದಲ್ಲಿ ಬಂದವು. ಪ್ರತಿ ಟ್ರಕ್ಕಿನ ಮೈಮೇಲೆ ಆ ಕಂಪನಿಯ ಹೆಸರನ್ನು ದೊಡ್ಡಕ್ಷರದಲ್ಲಿ ಬರೆಸಬೇಕಿತ್ತು. ಇವರ ಹೆಸರು ಬಾಗಿಲಿನ ಮೇಲೆ, ಸಣ್ಣದಾಗಿ.

ಒಂದು ಮಳೆಗಾಲ ಗಣಿ ನಿಂತಿದ್ದಾಗ ಎರಡು ಕಂತು ತಪ್ಪಿದವು. ಗಣಿ ಮತ್ತೆ ಶುರುವಾದ ವಾರದಲ್ಲೇ ವಸೂಲಿಯವರು ನಡುರಸ್ತೆಯಲ್ಲಿ ಟ್ರಕ್ ನಿಲ್ಲಿಸಿ, ಡ್ರೈವರನನ್ನು ಕೆಳಗಿಳಿಸಿ, ಕೀಲಿ ಕಿತ್ತುಕೊಂಡರು. ಇವರು ಹೋಗಿ ಉಳಿದ ಡ್ರೈವರುಗಳ ಎದುರಿಗೇ ಕೈಮುಗಿದು ನಿಂತರಂತೆ. ನಾನೇ ನನ್ನ ಬಳೆ ಅಡವಿಟ್ಟು ಕಂತು ಕಟ್ಟಿ ಟ್ರಕ್ ಬಿಡಿಸಿದೆ. ಅದಾದ ಮೇಲೆ ಇವರು ಒಂದು ಮಾತು ಆಗಾಗ ಆಡುತ್ತಿದ್ದರು. "ನನ್ನ ಹೆಸರ ಬಿಟ್ಟು ಬ್ಯಾರೇದವ್ರ ಹೆಸರ ಇಲ್ಲದಂಥಾ ಒಂದ ಗಾಡಿ ಬೇಕು ನೋಡ, ನನಗ." ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡೆ.

ಬಾಡಿಗೆ ಮನೆ ಬಿಟ್ಟು ಫೋಂಡಾದಲ್ಲೇ ಒಂದು ಫ್ಲ್ಯಾಟ್ ಕೊಳ್ಳಬೇಕೆಂಬುದು ನನ್ನ ಆಸೆ. ಅದಕ್ಕೆಂದೇ ಒಂದು ಠೇವಣಿ ಇಟ್ಟಿದ್ದೆ. ಅಪ್ಪ ತೀರಿಕೊಂಡ ಮೇಲೆ ಧಾರವಾಡದ ಜಾಗ ಮಾರಿ ಅಣ್ಣಂದಿರು ನನಗೆ ಕೊಟ್ಟ ಪಾಲು, ಅದರ ಮೇಲೆ ನನ್ನ ಸಂಬಳದಲ್ಲಿ ಉಳಿಸಿದ್ದು. ಒಟ್ಟು ಹತ್ತೊಂಬತ್ತು ಲಕ್ಷ. ನಮ್ಮ ಬ್ಯಾಂಕಿನ ಫೋಂಡಾ ಶಾಖೆಯಲ್ಲಿ ಇಬ್ಬರ ಹೆಸರಿನಲ್ಲಿತ್ತು. ಮುದ್ದತು ಮುಗಿದ ಮೇಲೆ ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು ಎಂಬ ಚೌಕದಲ್ಲಿ ಗುರುತು ಹಾಕಿದವಳು ನಾನೇ. ನನಗೇನಾದರೂ ಆದರೆ ಇವರು ಕಚೇರಿಯಿಂದ ಕಚೇರಿಗೆ ಅಲೆಯಬಾರದು ಎಂದು.

ಒಂದು ಭಾನುವಾರ ಮಧ್ಯಾಹ್ನ ಊಟ ಮಾಡುತ್ತಾ ಇವರು ಕೇಳಿದರು.

"ಭಾರೀ ಕಾರ ಇರ್ತಾವಲ್ಲ, ರೇಸಿನ ಗಾಡಿ ಇದ್ದಂಗ, ಅಂಥಾವ್ನ ರೊಕ್ಕಾ ಕೊಟ್ಟ ತಗೊಳ್ಳೂದು ಚಲೋನೋ, ಸಾಲಾ ಮಾಡಿ ತಗೊಳ್ಳೂದು ಚಲೋನೋ?"

"ಯಾರಿಗೆ ಬೇಕಾಗ್ಯದ?"

"ಗಣಿಯವ್ರ ಪೈಕಿ ಒಬ್ಬಾವ ಕೇಳಾಕತ್ತಾನ."

ಹತ್ತು ವರ್ಷದ ಸಂಸಾರದಲ್ಲಿ ನನ್ನ ಕೆಲಸದ ಬಗ್ಗೆ ಇವರು ಕೇಳಿದ ಮೊದಲ ಪ್ರಶ್ನೆ ಅದು. ನನಗೆ ಎಷ್ಟು ಖುಷಿಯಾಯಿತೆಂದರೆ ಎಂಜಲು ಕೈಯಲ್ಲೇ ಕೂತು ವಿವರಿಸಿದೆ. ರೊಕ್ಕ ಕೊಟ್ಟರೆ ಬೆಲೆಯಲ್ಲಿ ಚೌಕಾಸಿ ಮಾಡಬಹುದು, ಬಡ್ಡಿ ಇಲ್ಲ, ಕಾಗದದ ಮೇಲೆ ಬ್ಯಾಂಕಿನ ಹೆಸರಿಲ್ಲ. ಆದರೆ ಅಂಥ ಕಾರಿನ ಬೆಲೆ ಬೇಗ ಇಳಿಯುತ್ತದೆ, ಇಟ್ಟುಕೊಳ್ಳುವ ಖರ್ಚೂ ಹೆಚ್ಚು. ಸಾಲ ಮಾಡಿದರೆ ಬಡ್ಡಿ ಹೋಗುತ್ತದೆ, ಗಂಟು ಉಳಿಯುತ್ತದೆ. ಕಷ್ಟ ಬಂದಾಗ ಕೈಯಲ್ಲಿ ಏನಾದರೂ ಇರುತ್ತದೆ.

ಇವರು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು. "ಸಾಲಾ ಮಾಡಿದ್ರ ಹೆಂಡ್ತಿ ಸಹಿ ಬೇಕಾಗ್ತೈತೇನು?"

"ಅಷ್ಟು ದೊಡ್ಡ ಸಾಲಕ್ಕ ಬೇಕಾಗತದ. ಮನಿಯವರು ಸಹಿ ಮಾಡ್ಲಿಲ್ಲ ಅಂದ್ರ ಕಾಗದ ಮುಂದ ಹೋಗೂದಿಲ್ಲ."

"ಹೂಂ," ಎಂದು ಕೈತೊಳೆಯಲು ಎದ್ದರು.

ಠೇವಣಿಯ ಮುದ್ದತು ಮುಗಿದದ್ದು ಒಂದು ಗುರುವಾರ. ಶನಿವಾರ ರಜೆ ಹಾಕಿ ಶಾಖೆಗೆ ಹೋಗಿ ಅದನ್ನು ಮುಂದುವರಿಸುತ್ತೇನೆಂದು ಇವರಿಗೂ ಹೇಳಿದ್ದೆ. ಶುಕ್ರವಾರ ಯಾವುದೋ ಕಡತದ ವಿಷಯಕ್ಕೆ ಫೋಂಡಾ ಶಾಖೆಯ ಗೆಳತಿ ಫೋನ್ ಮಾಡಿದಳು. ಹುಬ್ಬಳ್ಳಿಯವಳು. ಕೆಲಸದ ಮಾತು ಮುಗಿದ ಮೇಲೆ, "ಪಾರ್ಟಿ ಯಾವಾಗ್ರಿ? ಕಡೀಗೂ ಫ್ಲ್ಯಾಟ್ ತಗೊಂಡ್ರಿ," ಎಂದಳು.

ನಾನು ಪೆನ್ನು ಕೆಳಗಿಟ್ಟೆ.

"ನಿನ್ನೆ ನಿಮ್ಮ ಮನಿಯವರು ಬಂದು ಠೇವಣಿ ಬಿಡಿಸಿ ಮುಂಬೈಗೆ ಡ್ರಾಫ್ಟ್ ಮಾಡಿಸಿಕೊಂಡು ಹೋದ್ರು. ಬಿಲ್ಡರ್ ಮುಂಬೈಯವ್ರೇನ್ರಿ?"

"ಹೌದು," ಎಂದೆ. "ಮುಂದಿನ ತಿಂಗಳು ಕರೀತೀನಿ."

ಎದುರಿಗೆ ಒಬ್ಬ ಶಾಲಾಮಾಸ್ತರರು ಸ್ಕೂಟರಿನ ಸಾಲಕ್ಕೆ ಬಂದು ಕೂತಿದ್ದರು. ಅವರ ಅರ್ಜಿಯನ್ನು ನಾನು ಒಂದು ತಪ್ಪೂ ಇಲ್ಲದೆ ತುಂಬಿದೆ. ಆ ದಿನ ನನ್ನ ಕೈ ಅಷ್ಟು ನೆಟ್ಟಗೆ ಹೇಗೆ ಓಡಿತೋ ನನಗೆ ಇವತ್ತಿಗೂ ತಿಳಿಯದು.

ಸಂಜೆ ಕೇಳಿದಾಗ ಇವರು ಮುಚ್ಚಿಡಲಿಲ್ಲ. ಮುಂಬೈಯಲ್ಲಿ ಒಬ್ಬ ವ್ಯಾಪಾರಿಯ ಬಳಿ ಒಂದೇ ಕೈ ಬದಲಾದ ವಿದೇಶಿ ಕಾರು. ಇಪ್ಪತ್ತಾರು ಲಕ್ಷ. ಠೇವಣಿಯ ಮೇಲೆ ಆ ವರ್ಷದ ಟ್ರಕ್ಕಿನ ಗಳಿಕೆಯನ್ನೂ ಸೇರಿಸಿದ್ದರು.

"ನನ್ನ ಕೇಳಬಾರದಾಗಿತ್ತೇನ್ರಿ?"

"ಕೇಳಿದ್ನೆಲ್ಲ. ನೀನ ಹೇಳಿದಿ, ರೊಕ್ಕಾ ಕೊಟ್ರ ಬಡ್ಡಿ ಇಲ್ಲಂತ."

"ಅದು ನಮ್ಮಪ್ಪನ ರೊಕ್ಕ. ಮನಿ ಸಲುವಾಗಿ ಇಟ್ಟಿದ್ದು."

"ಮನಿಗೆ ಸಾಲಾ ಸಿಗ್ತೈತಿ," ಎಂದರು. "ನಿಮ್ಮ ಬ್ಯಾಂಕಿನ್ಯಾಗ ನಿನಗ ಕಡಿಮಿ ಬಡ್ಡೀಗೆ ಕೊಡ್ತಾರ. ಕಾರಿಗೆ ಸಾಲಾ ಮಾಡಂಗಿಲ್ಲ ನಾ. ಮತ್ತ ಅವ್ರ ಮುಂದ ಕೈಮುಗದ ನಿಂದ್ರೂದ ಆಗೂದಿಲ್ಲ."

ನನಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಸಾಲವಾಗಿದ್ದರೆ ಕಾಗದ ನನ್ನ ಮುಂದೆ ಬರುತ್ತಿತ್ತು, ನಾನು ಬೇಡ ಎನ್ನಬಹುದಿತ್ತು. ರೊಕ್ಕಕ್ಕೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಆ ದಾರಿಯನ್ನು ಮಜ್ಜಿಗೆ ಬಡಿಸುತ್ತಾ ನಾನೇ ಇವರಿಗೆ ತೋರಿಸಿಕೊಟ್ಟಿದ್ದೆ.

ಕಾರು ಮುಚ್ಚಿದ ಲಾರಿಯಲ್ಲಿ ಬಂತು. ಬೆಳ್ಳಿಯ ಬಣ್ಣ, ನನ್ನ ಎದೆಗಿಂತ ಎತ್ತರವಿಲ್ಲ. ಅಕ್ಕಪಕ್ಕದವರೆಲ್ಲ ಇಳಿದು ಬಂದು ಸುತ್ತ ನಿಂತರು. ಆಗ ಎಂಟು ವರ್ಷದವಳಾಗಿದ್ದ ನನ್ನ ಮಗಳು ಕಿಟಕಿಗೆ ಮುಖ ಒತ್ತಿ ಒಳಗೆ ನೋಡಿದಳು. "ಅಪ್ಪಾ, ಎರಡ ಸೀಟ ಅದಾವು. ನಾ ಎಲ್ಲಿ ಕುಂದರ್ಲಿ?"

"ನೀ ಅವ್ವನ ತೊಡಿ ಮ್ಯಾಲೆ ಕುಂದರಬೇಕು," ಎಂದು ಇವರು ನಕ್ಕರು. ಅವಳು ನಗಲಿಲ್ಲ.

ಆ ಕಾರಿನಲ್ಲಿ ನಾನು ಕೂತದ್ದು ಒಂದೇ ಸಲ, ಪಣಜಿಯವರೆಗೆ. ದಾರಿಯುದ್ದಕ್ಕೂ ಇವರು ರಸ್ತೆಯ ಉಬ್ಬುಗಳನ್ನು ಎಣಿಸುತ್ತಾ ಓಡಿಸಿದರು. ಪ್ರತಿ ಉಬ್ಬಿನ ಮೇಲೆ ಕಾರಿನ ಹೊಟ್ಟೆ ಉಜ್ಜಿದ ಸದ್ದು ಬಂದಾಗ ಇವರ ಮುಖ ಹಿಂಡಿದಂತಾಗುತ್ತಿತ್ತು. ಸಾವರ್ಡೆ ಕಡೆಗಂತೂ ಅದನ್ನು ಒಯ್ಯುವ ಹಾಗೇ ಇರಲಿಲ್ಲ. ಅಲ್ಲಿಯ ರಸ್ತೆಗಳನ್ನು ಅದಿರಿನ ಟ್ರಕ್‌ಗಳು ಹಾಳು ಮಾಡಿದ್ದವು, ಅವುಗಳಲ್ಲಿ ಐದು ನಮ್ಮವೇ. ಕೆಲಸಕ್ಕೆ ಇವರು ಹಳೆಯ ಮೋಟರ್‌ಸೈಕಲ್ಲಿನಲ್ಲೇ ಹೋಗುತ್ತಿದ್ದರು. ಭಾನುವಾರ ಮಾತ್ರ ಹೊದಿಕೆ ತೆಗೆದು, ತೊಳೆದು, ಯಾರಾದರೂ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಮುದ್ರದ ಕಡೆ ಒಂದು ಸುತ್ತು.

ಬೆಳಗಾವಿಯಲ್ಲಿ ಇವರ ಅಣ್ಣನ ಮಗಳ ಮದುವೆಯಾಯಿತು. ಇವರು ಕಾರಿನಲ್ಲಿ ಹೋದರು, ಪಕ್ಕದಲ್ಲಿ ಗಣಿಯ ಒಬ್ಬ ಗುತ್ತಿಗೆದಾರ. ನಾನೂ ಮಗಳೂ ಬಸ್ಸಿನಲ್ಲಿ ಘಟ್ಟ ಹತ್ತಿದೆವು. ಅವಳು ಎರಡು ಸಲ ವಾಂತಿ ಮಾಡಿಕೊಂಡಳು. ಮಂಟಪಕ್ಕೆ ಮುಟ್ಟಿದಾಗ ಕಾರಿನ ಸುತ್ತ ಗಂಡಸರ ಗುಂಪು ನೆರೆದಿತ್ತು. ಇವರ ಸೋದರಮಾವ, "ಎಷ್ಟ ಸಾಲಾ ಮಾಡೀಪಾ?" ಎಂದು ಕೇಳುತ್ತಿದ್ದರು.

"ಒಂದ ಪೈಸಾ ಸಾಲಾ ಇಲ್ಲ ಮಾವಾ. ಪೂರ್ತಿ ರೊಕ್ಕಾ ಎಣಿಸಿ ಕೊಟ್ಟೇನಿ."

ಮಾವ ನನ್ನ ಕಡೆ ತಿರುಗಿ, "ಪುಣ್ಯಾ ಮಾಡಿದ್ದಿ ನೋಡವಾ," ಎಂದರು. ನಾನು ವಾಂತಿಯಾದ ಫ್ರಾಕಿನ ಚೀಲ ಹಿಡಿದುಕೊಂಡು ನೀರಿನ ನಲ್ಲಿ ಹುಡುಕುತ್ತಿದ್ದೆ.

ನಾಲ್ಕು ವರ್ಷ ಹೀಗೆ ಕಳೆಯಿತು. ಫ್ಲ್ಯಾಟಿನ ಮಾತನ್ನು ನಾನು ಬಿಟ್ಟೆ. ನಾವು ನೋಡಿಟ್ಟಿದ್ದ ಕಟ್ಟಡದ ಬೆಲೆ ಎರಡು ಪಟ್ಟಾಗಿತ್ತು. ಟ್ರಕ್‌ಗಳನ್ನೂ ಇವರು ಸಾಲದಲ್ಲೇ ಬದಲಾಯಿಸಿ ಹೊಸವನ್ನು ತಂದಿದ್ದರು. ದುಡಿಯುವ ಗಾಡಿಗಳ ಮೇಲೆಲ್ಲ ಕಂಪನಿಯ ಹೆಸರು, ಕೂತು ತಿನ್ನುವುದರ ಮೇಲೆ ಮಾತ್ರ ಇವರದು.

ಎರಡು ಸಾವಿರದ ಹನ್ನೆರಡರ ಮಳೆಗಾಲ ಮುಗಿದರೂ ಗಣಿಗಳು ತೆರೆಯಲಿಲ್ಲ. ಅಕ್ರಮದ ತನಿಖೆಯೆಂದು ಸರ್ಕಾರ ತಡೆ ಹಾಕಿತ್ತು. ಮೊದಲು ವಾರದ ಮಾತೆಂದರು, ಆಮೇಲೆ ತಿಂಗಳು. ಟ್ರಕ್‌ಗಳು ಸಾಲಾಗಿ ಮೈದಾನದಲ್ಲಿ ನಿಂತವು, ಡ್ರೈವರುಗಳು ಊರಿಗೆ ಹೋದರು. ಕಂತುಗಳು ಮಳೆಗಾಲದಿಂದಲೇ ಹಿಂದೆ ಬಿದ್ದಿದ್ದವು. ನಾನು ಲೆಕ್ಕ ಹಾಕಿ ನೋಡಿದೆ. ಕಾರನ್ನು ಆಗಲೇ ಮಾರಿದರೆ ಎರಡು ಟ್ರಕ್ಕಿನ ಸಾಲ ತೀರಿಸಿ ಅವನ್ನು ಉಳಿಸಿಕೊಳ್ಳಬಹುದಿತ್ತು. ಕಟ್ಟಡ ಕೆಲಸಕ್ಕೆ ಜಲ್ಲಿ, ಮರಳು ಹೊರಬಹುದಿತ್ತು.

"ಕಾರು ಕೊಟ್ಟುಬಿಡ್ರಿ," ಎಂದೆ. "ಎರಡು ಗಾಡಿಯಾದ್ರೂ ಉಳೀತಾವು."

"ಅದೊಂದ ಐತಿ ನನ್ನದು," ಎಂದರು. "ಅದನ್ನ ಯಾರೂ ಎಳಕೊಂಡ ಹೋಗಾಕ ಬರೂದಿಲ್ಲ. ಅದನ್ನ ಕೇಳಬ್ಯಾಡ."

"ಟ್ರಕ್ ಹೋದ್ರ ಊಟಕ್ಕ ಏನು ಮಾಡೋದು?"

"ನಿನ್ನ ಪಗಾರ ಐತೆಲ್ಲ."

ಈ ಮಾತನ್ನು ಇವರು ಕೆಟ್ಟ ಮನಸ್ಸಿನಿಂದ ಆಡಲಿಲ್ಲ. ಒಲೆಯಲ್ಲಿ ಬೆಂಕಿ ಇದೆಯಲ್ಲ ಎಂದ ಹಾಗೆ, ಸಹಜವಾಗಿ ಆಡಿದರು. ಅದೇ ನನಗೆ ಹೆಚ್ಚು ಚುಚ್ಚಿತು.

ಕಂಪನಿಯವರು ಒಂದೊಂದಾಗಿ ಐದು ಟ್ರಕ್‌ಗಳನ್ನೂ ಒಯ್ದರು. ಈ ಸಲ ಇವರು ಕೈಮುಗಿಯಲು ಹೋಗಲಿಲ್ಲ, ಮನೆಯಲ್ಲೇ ಕೂತಿದ್ದರು. ಎಲ್ಲರ ಟ್ರಕ್‌ಗಳೂ ಒಟ್ಟಿಗೆ ಹರಾಜಿಗೆ ಬಂದಿದ್ದರಿಂದ ಅವಕ್ಕೆ ಬೆಲೆಯೇ ಬರಲಿಲ್ಲ. ಹರಾಜಿನ ಹಣ ಸಾಲಕ್ಕೆ ಸಾಲದೆ, ಉಳಿದದ್ದನ್ನು ಕಟ್ಟಿ ಎಂದು ನೋಟೀಸು ಬಂತು. ಕಟ್ಟದಿದ್ದರೆ ಕೋರ್ಟು. ಜಾಮೀನಿನ ಜಾಗದಲ್ಲಿ ನನ್ನ ಹೆಸರೂ ಇತ್ತು, ಟ್ರಕ್ಕಿನ ಕಾಗದಗಳಿಗೆ ಇವರು ನನ್ನಿಂದ ಸಹಿ ಹಾಕಿಸಿಕೊಂಡಿದ್ದರು. ನನ್ನ ಸಂಬಳಕ್ಕೇ ಕೈ ಬೀಳುವ ಹೊತ್ತು ಬಂದಾಗ ಇವರು ಕಾರು ಮಾರಲು ಒಪ್ಪಿದರು.

ಕೊಳ್ಳಲು ಬಂದವನು ಕಲಂಗುಟ್‌ನಲ್ಲಿ ಹೋಟೆಲ್ ಇದ್ದವರ ಮಗ. ಕೊಂಕಣಿ ಬೆರೆಸಿದ ಹಿಂದಿಯಲ್ಲಿ ಮಾತಾಡಿದ. ನೆಲಕ್ಕೆ ಬಗ್ಗಿ ಕಾರಿನ ಹೊಟ್ಟೆಯ ಮೇಲಿನ ಗೆರೆಗಳನ್ನೆಲ್ಲ ಮೊಬೈಲಿನ ಬೆಳಕಿನಲ್ಲಿ ನೋಡಿದ. ಎಂಟು ಲಕ್ಷ ಎಂದ. ಇವರು ಹನ್ನೆರಡು ಎಂದರು. ಅವನು ಕೀಲಿ ವಾಪಸು ಕೊಟ್ಟು ಗೇಟಿನವರೆಗೆ ಹೋದ. ಇವರೇ ಹಿಂದೆ ಹೋಗಿ ಕರೆದು ತಂದರು. ಒಂಬತ್ತಕ್ಕೆ ಮುಗಿಯಿತು. ಬಂದವನಿಗೆ ಚಹಾ ಮಾಡು ಎಂದು ನನಗೆ ಹೇಳಿದರು. ಮಾಡಿದೆ. ಒಂಬತ್ತು ಲಕ್ಷದಲ್ಲಿ ನಮ್ಮ ಕೈಗೆ ಒಂದು ರೂಪಾಯಿಯೂ ಬರಲಿಲ್ಲ, ಅಷ್ಟೂ ಟ್ರಕ್ಕಿನ ಕಂಪನಿಗೇ ಹೋಯಿತು.

ಕಾರು ತಿರುವು ದಾಟಿ ಕಾಣದಾದ ಮೇಲೆ ಇವರು ಒಳಗೆ ಬಂದು ಕುರ್ಚಿಯ ಮೇಲೆ ಕೂತರು. ತಂದೆ ಸತ್ತಾಗಲೂ ಅಳದ ಮನುಷ್ಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಸದ್ದು ಮಾಡಿ ಅತ್ತರು. ಮಗಳು ಹೆದರಿ ಬಾಗಿಲಲ್ಲಿ ನಿಂತಳು. ನನ್ನ ಬಾಯಲ್ಲಿ ನಾಲ್ಕು ವರ್ಷದಿಂದ ಕಾಯ್ದಿಟ್ಟ ಮಾತುಗಳಿದ್ದವು. ಯಾವ ಕ್ರಮದಲ್ಲಿ ಆಡಬೇಕೆಂಬುದನ್ನೂ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಎಷ್ಟೋ ಸಲ ಜೋಡಿಸಿಕೊಂಡಿದ್ದೆ.

ಅಳುವವರ ಎದುರು ಅವನ್ನು ಆಡುವುದು ಹೇಗೆ? ಹತ್ತಿರ ಹೋಗಿ ಬೆನ್ನ ಮೇಲೆ ಕೈಯಿಟ್ಟೆ. "ಇರಲಿ ಬಿಡ್ರಿ," ಎಂದೆ. ಅಪ್ಪನ ಜಾಗದ ರೊಕ್ಕ, ನನ್ನ ವರ್ಷಗಳ ಉಳಿತಾಯ ಹೋದ ದಿನ ಈ ಮನೆಯಲ್ಲಿ ಯಾರೂ ಅತ್ತಿರಲಿಲ್ಲ, ನಾನೂ ಅತ್ತಿರಲಿಲ್ಲ. ಒಂದು ಕಾರಿಗಾಗಿ ಅಳುವವರನ್ನು ಸಮಾಧಾನ ಮಾಡುವ ಕೆಲಸವೂ ನನ್ನ ಪಾಲಿಗೇ ಬಂತು. ಇವರ ಉಸಿರು ತಹಬಂದಿಗೆ ಬರುವವರೆಗೆ ನಾನು ಹಾಗೇ ನಿಂತಿದ್ದೆ. ಇವರ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ನನಗೆ ಕೈ ತೆಗೆಯಬೇಕೆನಿಸುತ್ತಿತ್ತು, ತೆಗೆಯಲಿಲ್ಲ.