ಮಾಂಜ್ರಾ ದಂಡೆಯ ಮಡಕೆ ಮತ್ತು ಮನ್ಮಥಪ್ಪ

ಎಪ್ಪತ್ತೆರಡರ ಬರದಲ್ಲಿ ಸಾಯಗಾಂವದ ಅರ್ಧ ಊರು ಹೈದರಾಬಾದಿಗೆ ಗುಳೆ ಹೋದರೂ ಮನ್ಮಥಪ್ಪ ಹೋಗಲಿಲ್ಲ. ಅವನಿಗೆ ರೈಲೆಂದರೆ ಹೆದರಿಕೆ. ಬಾವಿ, ಎತ್ತು, ಕಂಪೌಂಡರನ ಸೂಜಿ, ಇವಕ್ಕೂ ಹೆದರುತ್ತಿದ್ದ. ಅಂಥವನನ್ನು ಪುರಾತತ್ವ ಸರ್ವೆ ಸಾಹೇಬರು ಮಾಂಜ್ರಾ ಹೊಳೆಯ ದಂಡೆಯ ಹಾಳೂರಿಗೆ ಕಾವಲಿಟ್ಟರು. ಸಾವಿರಾರು ವರ್ಷ ಹಳೆಯ ಊರು. ಅಲ್ಲಿಯವರೆಲ್ಲ ಎಂದೋ ಸತ್ತಿದ್ದರಿಂದ ಯಾರೂ ಕೈಮಾಡಲಾರರು ಎಂದು ಇವನೂ ಒಪ್ಪಿದ.

ಆದರೆ ಊರೇ ಹೊಳೆಗೆ ಜಾರುತ್ತಿತ್ತು. ಹಿಂದಿನ ನೆರೆ ದಂಡೆಯ ಬುಡ ಕೊರೆದಿತ್ತು, ಈಗಿನ ಬಿಸಿಲು ಮೇಲಿಂದ ಸೀಳುತ್ತಿತ್ತು. ಎದೆಮಟ್ಟದಲ್ಲಿ ಒಂದು ಮಡಕೆ ಅರ್ಧ ಹೊರಬಂದಿತ್ತು. ಅದರಲ್ಲಿ ಆ ಕಾಲದವರು ಹೂಳಿದ್ದ ಎಳೆಗೂಸಿನ ಎಲುಬು. ಇದ್ದಲ್ಲೇ ಫೋಟೋ ಆಗಬೇಕು, ಅಲ್ಲಿಯವರೆಗೆ ಅಲುಗಕೂಡದು ಎಂದು ಹೇಳಿ ಸಾಹೇಬರು ಫೋಟೋದವನನ್ನು ಕರೆತರಲು ಬೀದರಿಗೆ ಹೋದರು.

ಮಧ್ಯಾಹ್ನ ಮಣ್ಣು ಉದುರಿತು. ಮಡಕೆ ಮುಂದೆ ಸರಿಯಿತು. ಗಾಬರಿಯಲ್ಲಿ ಮನ್ಮಥಪ್ಪ ಸಾಹೇಬರ ಅಳತೆಕೋಲನ್ನೇ ಆನಿಸಿದ. ಅದು ಲಟಕ್ಕನೆ ಮುರಿಯಿತು. ಬೇರೇನೂ ತೋಚದೆ ತಾನೇ ಬೆನ್ನು ಆನಿಸಿ ನಿಂತ.

ನಿಂತ ಮೇಲೆ ತಿಳಿಯಿತು: ಸರಿದರೆ ಮಡಕೆ ಬೀಳುತ್ತದೆ, ಸರಿಯದಿದ್ದರೆ ದಂಡೆ ತನ್ನ ಮೇಲೆ ಬೀಳುತ್ತದೆ. ನೆತ್ತಿಯ ಮೇಲಿನ ಬಿರುಕಿನಿಂದ ಹೆಂಟೆಗಳು ಹೆಗಲಿಗೆ ಬೀಳುತ್ತಿದ್ದವು.

ರೊಟ್ಟಿ ತಂದ ಹೆಂಡತಿ ಸುಂದರಬಾಯಿ ಚೀರಿದಳು. "ಅಯ್ಯ, ಈಚಿಗಿ ಬರ್ರಿ! ಗಡಿಗಿ ಸಲುವಾಗಿ ಜೀವಾ ಕೊಡ್ತೀರೇನ್ರಿ?"

"ಹ್ಯಾಂಗ ಬರ್ಲಿ? ಒಳಗ ಕೂಸ ಅದ."

"ಸತ್ತ ಕೂಸ ಅಲ್ಲೇನ್ರಿ?"

"ಸತ್ತದ ಅಂತ ಕೆಡವಲೇನ?"

ಮಾತು ಧೈರ್ಯದ್ದೇ. ಕಣ್ಣು ಮಾತ್ರ ಮೇಲಿನ ಬಿರುಕು ಬಿಟ್ಟು ಕದಲುತ್ತಿರಲಿಲ್ಲ.

ಸುಂದರಬಾಯಿ ಕಾವಲು ಗುಡಿಸಲಿನಿಂದ ಮಲಗುವ ಹೊರಸು ಎಳೆದು ತಂದು, ಅವನ ಪಕ್ಕದಿಂದ ತೂರಿಸಿ ಮಡಕೆಗೆ ಒತ್ತಿ ಹಿಡಿದಳು. "ಈಗ ಸರೀರಿ. ಎಡಕ್ಕ! ನಿಮ್ಮ ಎಡ ಯಾವುದು ಗೊತ್ತದನೋ ಇಲ್ಲೋ?"

ಅವನು ಜಾರಿ ಹೊರಬಂದ. ಇಬ್ಬರೂ ಹೊರಸಿಗೆ ಕಲ್ಲು ಒಟ್ಟಿ ಓಡಿದರು. ಹಿಂದೆಯೇ ಪಕ್ಕದ ದಂಡೆ ಧಬ್ಬನೆ ಕುಸಿಯಿತು. ಧೂಳು ಇಳಿದಾಗ ಹೊರಸು ನಿಂತೇ ಇತ್ತು, ಅದರ ಹಿಂದೆ ಮಡಕೆಯೂ.

ಸಂಜೆಗೆ ಮುಂಚೆ ಫೋಟೋದವನೊಡನೆ ಸಾಹೇಬರ ಜೀಪು ಬಂತು. ಮಡಕೆ ಕಾಣುವಂತೆ ಹೊರಸನ್ನು ಅದರ ಬುಡದವರೆಗೆ ಇಳಿಸಿದರು. ಫೋಟೋದಲ್ಲಿ ಎತ್ತರ ತಿಳಿಯಲು ಪಕ್ಕದಲ್ಲಿ ಕೋಲು ನಿಲ್ಲಿಸಬೇಕು, ಕೋಲು ಮುರಿದಿತ್ತು. ಸಾಹೇಬರು ಅತ್ತಿತ್ತ ನೋಡಿ, ಮನ್ಮಥಪ್ಪನನ್ನೇ ನಿಲ್ಲಿಸಿದರು, ಆಗಷ್ಟೇ ಬದುಕಿ ಬಂದ ಜಾಗದಲ್ಲೇ.

ಅವನ ಬಾಳಿನ ಒಂದೇ ಫೋಟೋ. ಮಡಕೆ ಚೆನ್ನಾಗಿ ಬಂದಿದೆ. ಮನ್ಮಥಪ್ಪ ಮಾತ್ರ ಕ್ಯಾಮೆರಾ ಬಿಟ್ಟು ಮೇಲಿನ ಬಿರುಕನ್ನೇ ನೋಡುತ್ತಿದ್ದಾನೆ.

"ಇವರನ್ನ ಅಳತಿಗಿ ಹಿಡೀಬ್ಯಾಡ್ರಿ, ಸಾಹೇಬ್ರ," ಎಂದಳಂತೆ ಅಂದು ಸುಂದರಬಾಯಿ. "ಅಂಜಿ ನಾಕ ಬೆರಳ ಕುಗ್ಗ್ಯಾರ."