ಎರೆ ನೆಲದ ಮೇಲೆ ಜಾರುವ ಗೋಡೆ

ಲಾಕ್‌ಡೌನ್ ಮುಗಿದ ಮರುವರ್ಷ ನಾನು ಲಿಂಗಸುಗೂರಿನಲ್ಲಿ ಎರಡು ಕೋಣೆಯ ಕಚೇರಿ ಇಟ್ಟುಕೊಂಡು ಮನೆಗಳ ನಕ್ಷೆ ಮಾಡಿಕೊಡುತ್ತಿದ್ದೆ. ಅದಕ್ಕೂ ಮೊದಲು ಹನ್ನೊಂದು ವರ್ಷ ಬೇರೆಯವರ ಸೈಟುಗಳಲ್ಲಿ ಎಂಜಿನಿಯರ್ ಆಗಿದ್ದೆ. ಸ್ವಂತ ಬೋರ್ಡು ಹಾಕಿದ ಮೇಲೆ ನನಗೊಂದು ಹಟ ಹಿಡಿಯಿತು. ಪ್ರತಿ ಮನೆಯಲ್ಲೂ ಹಿಂದಿನ ಮನೆಯಲ್ಲಿ ಮಾಡದ ಒಂದನ್ನು ಮಾಡಬೇಕು.

ಈ ಘಟನೆಯನ್ನು ನಾನು ಹಲವರಿಗೆ ಹೇಳಿದ್ದೇನೆ, ಹೇಳಿದಾಗಲೆಲ್ಲ ಅದು ಸ್ವಲ್ಪ ಚಂದವಾಗುತ್ತ ಹೋಗಿದೆ. ಹಾಗಾಗಿ ಈ ಸಲ ಬರೆಯುವ ಮುಂಚೆ ಆ ದಿನ ಅಲ್ಲಿದ್ದ ಇನ್ನಿಬ್ಬರನ್ನು ಕೇಳಿಕೊಂಡು ಬಂದೆ. ಮೂವರ ಮಾತೂ ಪೂರ್ತಿ ಹೊಂದುವುದಿಲ್ಲ. ಹೊಂದದ ಕಡೆ ಹಾಗೆಯೇ ಬಿಟ್ಟಿದ್ದೇನೆ.

ಸಿಂಧನೂರಿನಿಂದ ಆರ್.ಎಚ್. ಕ್ಯಾಂಪಿನ ಕಡೆ ಹೋಗುವ ರಸ್ತೆಯಲ್ಲಿ ಮಹಬೂಬಸಾಬರು ಮೂವತ್ತು ಅಡಿಗೆ ನಲವತ್ತು ಅಡಿಯ ನಿವೇಶನ ಕೊಂಡಿದ್ದರು. ಪೇಟೆಯಲ್ಲಿ ಅವರದು ಟೇಲರ್ ಅಂಗಡಿ. ಮನೆಯಲ್ಲಿ ಹೆಂಡತಿ ಹಸೀನಾಬಿ, ಮದುವೆಯಾಗಬೇಕಾದ ಇಬ್ಬರು ಗಂಡುಮಕ್ಕಳು. ಮಗಳು ರೇಷ್ಮಾಳ ಮದುವೆ ಆಗಿತ್ತು. ಮೊದಲ ದಿನವೇ ಮಹಬೂಬಸಾಬರು ನನ್ನ ಮೇಜಿನ ಮೇಲಿದ್ದ ಟೇಪನ್ನು ಕೊರಳಿಗೆ ಹಾಕಿಕೊಂಡು ಕೂತರು. ಅದು ಅವರ ವೃತ್ತಿಯ ಅಭ್ಯಾಸ.

"ನಮ್ಮ ಮನಿ ಒಂದ ದಿನ ಮದುವಿ ಮನಿ ಆಗ್ತದ, ಒಂದ ದಿನ ಬಾಣಂತಿ ಮನಿ, ನನಗ ವಯಸ್ಸಾದ ಮ್ಯಾಲ ಅದ ಅಂಗಡಿ. ಅಂಗಿ ಹೊಲಿಯುವಾಗ ನಾವು ಹೊಲಿಗಿ ಒಳಗ ಬಟ್ಟಿ ಬಿಡ್ತೀವಲ್ರೀ, ಮುಂದ ದಪ್ಪಾದ್ರ ಬಿಚ್ಚಾಕ? ಹಂಗ ಮನಿಗೂ ಒಂದೀಟು ಬಿಡ್ರಿ."

ನನ್ನ ತಲೆಯಲ್ಲಿದ್ದುದನ್ನು ಬೇರೊಬ್ಬರು ಹೇಳಿದಂತಾಯಿತು. ಇಪ್ಪತ್ತೆರಡು ಅಡಿ ಉದ್ದದ ಒಂದೇ ಪಡಸಾಲೆ, ಅದರ ನಡುವೆ ಜಾರುವ ಗೋಡೆ. ಗೋಡೆ ಎಂದರೆ ಉಕ್ಕಿನ ಚೌಕಟ್ಟಿಗೆ ಎರಡೂ ಕಡೆ ಸಿಮೆಂಟ್ ಬೋರ್ಡ್ ಹೊಡೆದು, ಒಳಗೆ ಶಾಖ ತಡೆಯುವ, ಹತ್ತಿಯಂಥ ಗ್ಲಾಸ್‌ವುಲ್ ತುಂಬಿದ ಮೂರು ಹಲಗೆಗಳು. ಮೇಲೆ ಬೀಮಿಗೆ ಒಂದು ಕಂಬಿ, ಕೆಳಗೆ ನೆಲದಲ್ಲಿ ಹುದುಗಿಸಿದ ಇನ್ನೊಂದು ಕಂಬಿ. ಹಲಗೆಗಳನ್ನು ಒಂದರ ಹಿಂದೊಂದು ಸರಿಸಿದರೆ ಮದುವೆಯ ಊಟಕ್ಕೆ ಜಾಗ, ಎಳೆದರೆ ಹತ್ತಡಿಗೆ ಹನ್ನೆರಡಡಿಯ ಕೋಣೆ. ಅಂಚಿಗೆಲ್ಲ ರಬ್ಬರ್ ಪಟ್ಟಿ, ಧೂಳೂ ಬಿಸಿಗಾಳಿಯೂ ಒಳಗೆ ಬರದಂತೆ. ಹಿಡಿಕೆ ಕೂಡ ಹೊರಗೆ ಚಾಚಬಾರದೆಂದು ಹಲಗೆಯೊಳಗೇ ಕೊರೆದ ಬೆರಳಗುಣಿ ಇಟ್ಟೆ. ಕೋಣೆಗೆ ಅಡುಗೆಮನೆಯ ಕಡೆಯಿಂದ ಇನ್ನೊಂದು ಬಾಗಿಲು ಮೊದಲ ನಕ್ಷೆಯಲ್ಲಿತ್ತು. ಅಲ್ಲಿ ಕಪಾಟು ಬಂದರೆ ಜಾಗ ಉಳಿಯುತ್ತದೆಂದು ಅದನ್ನು ಅಳಿಸಿದವನೂ ನಾನೇ.

ಇದೇ ಗೋಡೆಯನ್ನು, ರಬ್ಬರ್ ಪಟ್ಟಿ ಬೆರಳಗುಣಿ ಇಲ್ಲದೆ, ಅದಕ್ಕೆ ಮೊದಲು ಲಿಂಗಸುಗೂರಿನ ಎರಡು ಮನೆಗಳಲ್ಲಿ ಮಾಡಿದ್ದೆ. ಒಂದೇ ಬೆರಳಲ್ಲಿ ಸರಿಯುತ್ತಿತ್ತು. ಆದರೆ ಆ ಮನೆಗಳು ನಿಂತದ್ದು ಮಸಾರಿ ನೆಲದ ಮೇಲೆ, ಕೆಂಪು ಗಟ್ಟಿ ನೆಲ. ಸಿಂಧನೂರಿನದು ಎರೆ, ಕಪ್ಪು ಜಿಗುಟು ನೆಲ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಇದು ನನಗೆ ಗೊತ್ತಿತ್ತು. ಅದಕ್ಕೆಂದೇ ಕಂಬಗಳಿಗೆಲ್ಲ ಅಂಡರ್‌ರೀಮ್ಡ್ ಪೈಲ್ ಹಾಕಿಸಿದ್ದೆ. ಉಬ್ಬುವ ಪದರ ದಾಟಿ ಆಳಕ್ಕಿಳಿದು, ತಳದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಬೇರು ಅದು. ಕಂಬ, ಬೀಮು, ಸ್ಲ್ಯಾಬ್ ಕದಲುವಂತಿರಲಿಲ್ಲ. ನೆಲಹಾಸನ್ನು ಮಾತ್ರ ಒಂದೂವರೆ ಅಡಿ ಮೊರಂ, ಅಂದರೆ ಗರಸು, ತುಂಬಿಸಿ ಮಣ್ಣಿನ ಮೇಲೆಯೇ ಕೂರಿಸಿದೆ. ಮೇಲಿನ ಕಂಬಿ ಕದಲದ ಬೀಮಿನಲ್ಲಿ, ಕೆಳಗಿನ ಕಂಬಿ ಉಸಿರಾಡುವ ನೆಲದಲ್ಲಿ. ಎರಡರ ನಡುವೆ ಹಲಗೆ ಆಡಲು ನಾನು ಬಿಟ್ಟ ಸಂದು ಎಂಟು ಮಿಲಿಮೀಟರ್.

ಪಾಮನಕಲ್ಲೂರಿನ ಗೌಂಡಿ ಹುಲಿಗೆಪ್ಪ ಆ ಮನೆಯ ಕೆಲಸ ಹಿಡಿದಿದ್ದ. ಕಂಬಿ ಕೂರಿಸುವ ದಿನ ಎಲೆಯಡಿಕೆ ಅಗಿಯುತ್ತ ಬಗ್ಗಿ ನೋಡಿದ.

"ಸಾಹೇಬ್ರ, ನಾಕ ಬೆರಳು ಸಂದ ಬಿಡ್ರಿ. ಎರಿ ನೆಲ ಬಸುರಾಗತೈತಿ."

"ನಾಕ ಬೆರಳು ಬಿಟ್ರ ಹಲ್ಲಿ, ಇಲಿ, ಹಾವು ಎಲ್ಲಾ ಬರ್ತಾವೋ."

"ಹಾವು ಬಂದ್ರ ಬಡದು ಹಾಕಬಹುದ್ರೀ. ನೆಲ ಎದ್ರ ಯಾರಿಗೆ ಬಡೀತೀರಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದುಕೊಂಡಿದ್ದೆ. ಹುಲಿಗೆಪ್ಪನನ್ನು ಮೊನ್ನೆ ಕೇಳಿದರೆ, "ನೀವು ನಗಲಿಲ್ರೀ, ನೀವು ಸಿಟ್ಟಾದ್ರಿ. ಎಂಟು ಅಂದ್ರ ಎಂಟು ಅಂತ ಬಾಯಿ ಮಾಡಿದ್ರಿ" ಎಂದ.

ಬೇಸಿಗೆಯಲ್ಲಿ ಗೃಹಪ್ರವೇಶವಾಯಿತು. ಗೋಡೆ ಬೆಣ್ಣೆಯ ಮೇಲೆ ಚಾಕು ಜಾರಿದಂತೆ ಜಾರಿತು. ಬಂದವರೆಲ್ಲ ಎಳೆದೆಳೆದು ನೋಡಿದರು.

ಮುಂಗಾರಿನ ನಡುವೆ ಕಾಲುವೆಗೆ ನೀರು ಬಿಟ್ಟರು. ಮನೆಯ ಹಿಂದಿನ ಗದ್ದೆಗಳು ನಾಟಿಗೆ ತುಂಬಿ ನಿಂತವು. ಅದೇ ದಿನಗಳಲ್ಲಿ ರೇಷ್ಮಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿತು. ಆಸ್ಪತ್ರೆಯಿಂದ ಬಂದವರೇ ಗೋಡೆ ಎಳೆದು ಬಾಣಂತಿ ಕೋಣೆ ಮಾಡಿಕೊಂಡರು. ಹನ್ನೆರಡನೆಯ ದಿನ ಮಹಬೂಬಸಾಬರು ಫೋನ್ ಮಾಡಿ, "ನಿಮ್ಮ ಗ್ವಾಡಿ ಯಾಕೋ ಹಟ ಮಾಡಾಕತ್ತೈತಿ, ಬಂದು ನೋಡ್ರಿ" ಎಂದರು. ಮರುದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋದೆ. ಅವರು ಅಂಗಡಿಗೆ ಹೋಗಿದ್ದರು. ಹುಲಿಗೆಪ್ಪ ಹೊರಗೆ ಕಾಂಪೌಂಡಿನ ಉಳಿದ ಕೆಲಸ ಮಾಡುತ್ತಿದ್ದ.

ಬಾಣಂತಿಗೆ ಎಣ್ಣೆಸ್ನಾನ ಆಗಿತ್ತು. ಹಸೀನಾಬಿ ಗೋಡೆಯ ಕೊನೆಯ ಹಲಗೆಯನ್ನು ಭುಜಕೊಟ್ಟು ನೂಕುತ್ತಿದ್ದರು. ಇನ್ನೂ ಗೇಣು ಸಂದಿತ್ತು. ಒಳಗಿಂದ ಲೋಬಾನದ ಹೊಗೆಯ ಪರಿಮಳ ಬರುತ್ತಿತ್ತು.

ಇಲ್ಲಿಯವರೆಗೆ ನಾನು ಹೇಳುತ್ತಿದ್ದ ಕಥೆಯಲ್ಲಿ, ಹಸೀನಾಬಿ ಹಲಗೆಯನ್ನು ಮುಚ್ಚಿ ಬಂದು ನನಗೆ ಚಹಾ ಕೊಟ್ಟರು ಎಂದಿತ್ತು. ಅದು ಹಾಗಲ್ಲ. ಅವರು, "ಒಂದೀಟು ದಬ್ಬರೀ ಸಾಹೇಬ್ರ, ಕೂಸಿಗೆ ಗಾಳಿ ಬಡೀತದ" ಎಂದರು. ನಾನು ಭುಜ ಕೊಟ್ಟೆ. ಹಲಗೆ ಕಿರುಗುಟ್ಟುತ್ತ ಹೋಗಿ ಹೊರಗೋಡೆಗೆ ಹತ್ತಿತು, ರಬ್ಬರ್ ಪಟ್ಟಿ ಪಿಸ್ಸೆಂದು ಕೂತಿತು. ಆ ಸದ್ದು ನನಗೆ ಖುಷಿ ಕೊಟ್ಟಿತು. "ನೋಡ್ರಿ, ಸೂಜಿ ಹೋಗಂಗಿಲ್ಲ" ಎಂದೆ. ಈ ಮಾತನ್ನು ಹಸೀನಾಬಿ ಮರೆತಿಲ್ಲ, ನಾನು ಮರೆತಿದ್ದೆ.

ಚಹಾ ಕುಡಿಯುತ್ತ ನೆಲದ ಟೈಲ್ಸನ್ನು ಬೆರಳಗಂಟಿನಿಂದ ಬಡಿದು ನೋಡಿದೆ. ಗದ್ದೆಯ ಕಡೆಯ ಅಂಚಿನಲ್ಲಿ ಟೊಳ್ಳು ಸದ್ದು. ನೀರು ಹೊರಗಿನಿಂದ ಜಿನುಗಿ ಅಂಚಿನ ಮಣ್ಣು ಮೊದಲು ಉಬ್ಬಿತ್ತು. ಅಂದರೆ ನೆಲ ಹೊರಗೋಡೆಯ ಕಡೆಗೆ ಏರುತ್ತಿತ್ತು. ನಾನು ಹಲಗೆಯನ್ನು ನೂಕಿದ್ದು ಆ ಏರಿಗೆ, ಬೆಣೆ ಬಡಿದಂತೆ.

ಎಷ್ಟು ಹೊತ್ತಾಯಿತೋ, ಹಸೀನಾಬಿ ಕೂಸಿಗೆ ಹಾಲು ಕುಡಿಸುವ ಹೊತ್ತಾಯಿತೆಂದು ಎದ್ದರು. ಹಲಗೆ ಸರಿಯಲಿಲ್ಲ. ಬೆರಳಗುಣಿಗೆ ಕೈ ಹಾಕಿ ಎಳೆದರೆ ಹಿಡಿತವೇ ಸಿಗಲಿಲ್ಲ.

"ರೇಷ್ಮಾ, ಒಳಗಿಂದ ದಬ್ಬಬೇ."

ಉತ್ತರ ಬರಲಿಲ್ಲ.

"ಎಣ್ಣಿ ನೀರು ಹಾಕಿಸ್ಕೊಂಡು ಮಲಗ್ಯಾಳ, ಆನಿ ಬಂದ್ರೂ ಏಳಂಗಿಲ್ಲ ಈಕಿ" ಎಂದು ನಕ್ಕರು. ನಗುತ್ತಲೇ ಹಲಗೆ ಬಡಿದರು. ಆಮೇಲೆ ನಗಲಿಲ್ಲ. "ರೇಷ್ಮಾ! ಉಠ್ ಮಾ! ಏ ಬೇಟಿ!"

ಕೂಸು ಕೂಡ ಅಳಲಿಲ್ಲ.

ನಾನು ಕೇಳಿದೆ, "ಒಳಗ ಏನೈತ್ರೀ?"

"ಏನಿರತೈತ್ರೀ? ಹೊರಸು, ಕೂಸು, ಕೆಳಗ ಶೇಗಡಿ."

ಶೇಗಡಿ ಎಂದರೆ ಕೆಂಡದ ಒಲೆ. ನಮ್ಮ ಕಡೆ ಬಾಣಂತಿ ಮಲಗುವ ಹೊರಸಿನ ಕೆಳಗೆ ಅದನ್ನಿಟ್ಟು ಬೆನ್ನು ಕಾಯಿಸುತ್ತಾರೆ, ಯಾವ ಜಾತಿ ಧರ್ಮದ ಮನೆಯೇ ಇರಲಿ. ನನ್ನ ಅಕ್ಕನ ಬಾಣಂತನದಲ್ಲಿ ಆ ಕೆಂಡ ತಂದುಕೊಟ್ಟವನು ನಾನೇ. ಹಾಗಾಗಿ ಗೊತ್ತಿರಲಿಲ್ಲ ಎನ್ನಲಾರೆ. ಆದರೆ ಆಗಿನ ಬಾಣಂತಿ ಕೋಣೆಗಳ ಬಾಗಿಲು ಹಳೆಯ ಬೇವಿನ ಹಲಗೆಯವು, ಸಂದಿಗೊಂದಿ ಇದ್ದೇ ಇರುತ್ತಿತ್ತು. ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತಿತ್ತು. ಎಷ್ಟೇ ಬಟ್ಟೆ ತುರುಕಿದರೂ ಆ ಮನೆಗಳು ಸೋರುತ್ತಿದ್ದವು. ನಾನು ಕಟ್ಟಿದ್ದು ಸೋರದ ಕೋಣೆ. ಅರೆಬರೆ ಉರಿದ ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಕೊಲ್ಲುವುದಕ್ಕೆ ಮೊದಲು ನಿದ್ದೆ ಬರಿಸುತ್ತದೆ.

"ಮ್ಯಾಲಿನ ವೆಂಟಿಲೇಟರ್?"

"ಹಳಿ ಸೀರಿ ತುರಕೀನ್ರೀ. ಕಿಟಕಿಗೆ ಕೌದಿ ಕಟ್ಟೀನಿ."

ಮೂಲೆಯಲ್ಲಿದ್ದ ಸುತ್ತಿಗೆ ತೆಗೆದುಕೊಂಡು ಹಲಗೆಯ ನಡುವಿಗೆ ಹೊಡೆದೆ. ಸುತ್ತಿಗೆ ಪುಟಿದು ಬಂತು. ಹಲಗೆ ಗಟ್ಟಿಯಿರಬೇಕೆಂದು ಬೋರ್ಡಿನ ದಪ್ಪವನ್ನು ಹೆಚ್ಚು ಮಾಡಿಸಿದ್ದೆ. ಮತ್ತೆ ಹೊಡೆದೆ. ಒಳಗೆ ಏನೋ ಬಿದ್ದ ಸದ್ದಾಯಿತು, ಯಾರೂ ಚೀರಲಿಲ್ಲ. ಯಾರಾದರೂ ಚೀರಬಾರದೇ ಎಂದು ನಾನು ಪ್ರಾರ್ಥಿಸಿದೆ.

ಕೂಗು ಕೇಳಿ ಹುಲಿಗೆಪ್ಪ ಹಾರೆ ಹಿಡಿದು ಓಡಿಬಂದ.

"ಗ್ವಾಡಿಗೆ ಹೊಡೀಬ್ಯಾಡ್ರೀ! ಹೊರಸಿನ ತಲಿ ಇತ್ಲಾಗೈತಿ, ಮುರದ್ರ ಕೂಸಿನ ಮ್ಯಾಲ ಬೀಳ್ತದ. ನೆಲಕ್ಕ ಹೊಡೀರಿ, ನೆಲಕ್ಕ!"

ಅವನು ಕಂಬಿಯ ಪಕ್ಕದ ಟೈಲ್ಸ್ ಒಡೆದ. ಹಾರೆಯನ್ನು ಕಂಬಿಯ ಅಡಿಗೆ ತೂರಿಸಿ ಮೀಟತೊಡಗಿದ. ನಾನು ಕೈಯಿಂದಲೇ ಚೂರುಗಳನ್ನು ಬಗೆಯುತ್ತಿದ್ದೆ. ಹಸೀನಾಬಿ ಅಲ್ಲಿರಲಿಲ್ಲ. ಕಿಟಕಿಯ ಕಡೆ ಗಾಜು ಒಡೆದ ಸದ್ದು ಬಂತು. ಬಟ್ಟೆ ಒಣಹಾಕುವ ಬಿದಿರಗೋಲಿನಿಂದ ಗ್ರಿಲ್ಲಿನ ನಡುವೆ ಗಾಜು ಒಡೆದು, ಕೌದಿಯನ್ನು ಒಳಕ್ಕೆ ತಿವಿದು ಕೆಡವುತ್ತಿದ್ದರು. ಕಿಟಕಿ ಒಡೆಯಿರಿ ಎಂದು ಕೂಗಿದವನು ನಾನೇ ಎಂದು ವರ್ಷಗಟ್ಟಲೆ ನಂಬಿದ್ದೆ. "ನೀವೇನೂ ಅನ್ನಲಿಲ್ರೀ, ನೀವು ಅಳಾಕತ್ತಿದ್ರಿ" ಎಂದರು ಹಸೀನಾಬಿ.

ಹಲಗೆ ತೆರೆಯಲು ಹಿಡಿದದ್ದು ನನ್ನ ಲೆಕ್ಕದಲ್ಲಿ ನಾಲ್ಕು ನಿಮಿಷ. ಹುಲಿಗೆಪ್ಪನ ಪ್ರಕಾರ ಒಂದು ಎಲೆಯಡಿಕೆ ಅಗಿಯುವಷ್ಟು. ಹಸೀನಾಬಿ ಅರ್ಧ ತಾಸು ಎನ್ನುತ್ತಾರೆ. ನಾನು ವಾದ ಮಾಡುವುದಿಲ್ಲ.

ಕಂಬಿ ಕಿತ್ತು ಬಂತು. ಹಲಗೆ ಎರಡು ಬೆರಳು ಕುಸಿದು ಸಡಿಲವಾಯಿತು. ಇಬ್ಬರೂ ಎಳೆದೆವು. ಬಿಸಿ ಗಾಳಿ ಮುಖಕ್ಕೆ ಬಡಿಯಿತು. ರೇಷ್ಮಾ ಹೊರಸಿನ ಅಂಚಿಗೆ ಜಾರಿ, ಬಾಯಿಯ ಪಕ್ಕದಲ್ಲಿ ವಾಂತಿ ಮಾಡಿಕೊಂಡು, ಕಣ್ಣು ಅರೆ ತೆರೆದು ಬಿದ್ದಿದ್ದಳು. ಒಂದು ಕೈ ಕೂಸಿನ ಮೇಲಿತ್ತು. ಏಳಲು ನೋಡಿದ್ದಳು, ಕಾಲು ಬಂದಿರಲಿಲ್ಲ. ಬಾಣಂತಿ ಕೋಣೆಗೆ ಗಂಡಸರು ಹೋಗುವಂತಿಲ್ಲ ಎಂಬುದು ಯಾರಿಗೂ ನೆನಪಾಗಲಿಲ್ಲ. ಹುಲಿಗೆಪ್ಪ ಅವಳನ್ನು ಹೊದ್ದ ಕೌದಿಯ ಸಮೇತ ಎತ್ತಿದ. ನಾನು ಕೂಸನ್ನು ಎತ್ತಿಕೊಂಡೆ. ಅದು ಅಳುತ್ತಿರಲಿಲ್ಲ. ನೆನೆದ ಬಟ್ಟೆಯಂತೆ ಕೈಯಲ್ಲಿ ಜೋತುಬಿತ್ತು.

ಅಂಗಳಕ್ಕೆ ಬಂದ ಮೇಲೆ ಹಸೀನಾಬಿ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, ತಲೆಕೆಳಗು ಮಾಡಿ ಬೆನ್ನು ತಟ್ಟಿದರು, ಅಂಗಾಲು ಉಜ್ಜಿದರು, ಮುಖಕ್ಕೆ ಊದಿದರು. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರು ನಿಂತು ನೋಡುತ್ತಿದ್ದರು. ಬೆಕ್ಕಿನ ಮರಿಯಷ್ಟು ಸಣ್ಣ ಸದ್ದೊಂದು ಬಂತು. ಅದು ಅಳುವೋ ಬಿಕ್ಕಳಿಕೆಯೋ ತಿಳಿಯಲಿಲ್ಲ.

ಪಕ್ಕದ ಮನೆಯ ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಡಾಕ್ಟರು ಇಬ್ಬರಿಗೂ ಆಮ್ಲಜನಕ ಹಚ್ಚಿದರು. ರೇಷ್ಮಾ ಸಂಜೆಗೆ ಮಾತಾಡಿದಳು. ಕೂಸಿನ ಬಗ್ಗೆ ಮಾತ್ರ, "ಎರಡು ದಿನ ನೋಡಬೇಕು" ಎಂದರು. ಆ ಎರಡು ದಿನ ನಾನು ಆಸ್ಪತ್ರೆಯ ಹೊರಗಿನ ಬೇವಿನ ಮರದ ಕೆಳಗೆ ಕೂತೆ. ಮಹಬೂಬಸಾಬರು ಬಂದು ನನ್ನ ಪಕ್ಕ ಕೂರುತ್ತಿದ್ದರು, ಎದ್ದು ಹೋಗುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಒಮ್ಮೆ ಮಾತ್ರ, "ಹೊಲಿಗಿ ಒಳಗ ಬಟ್ಟಿ ಬಿಡ್ರಿ ಅಂದಿದ್ದೆ" ಎಂದರು.

ಎರಡನೆಯ ದಿನ ಮಧ್ಯಾಹ್ನ ಕೂಸು ಎದೆಹಾಲು ಕುಡಿಯಿತು. ಡಾಕ್ಟರು ಮನೆಗೆ ಕರೆದೊಯ್ಯಲು ಹೇಳಿದರು.

ನನ್ನ ಹೆದರಿಕೆ ಅಲ್ಲಿಗೆ ಮುಗಿಯಲಿಲ್ಲ. ಮಸ್ಕಿಯಲ್ಲಿ ಇದೇ ಗೋಡೆಯ ಇನ್ನೊಂದು ಮನೆ ಕಟ್ಟಿ ಮುಗಿಸಿದ್ದೆ, ಅದೂ ಎರೆ ನೆಲದ ಮೇಲೆಯೇ. ಅಲ್ಲಿ ಕಾಲುವೆಯಿಲ್ಲ, ಮಳೆ ಮಾತ್ರ. ಆದರೆ ಆ ವಾರ ಆಕಾಶ ಕಪ್ಪಾಗಿತ್ತು. ಆಸ್ಪತ್ರೆಯಿಂದ ನೇರ ಬೈಕಿನಲ್ಲಿ ಹೋಗಿ, ಮನೆಯವರು ಬೆರಗಾಗಿ ನೋಡುತ್ತಿರುವಾಗಲೇ ಹಲಗೆಗಳನ್ನು ಇಳಿಸಿ ಗೋಡೆಗೆ ಒರಗಿಸಿದೆ. "ಚಲೋ ಇತ್ತಲ್ರೀ, ಯಾಕ?" ಎಂದರು. ನಾನು ಕೂತು ಕೆಳಗಿನ ಕಂಬಿಯ ಸ್ಕ್ರೂ ಬಿಚ್ಚತೊಡಗಿದೆ.

ಸಿಂಧನೂರಿನ ಮನೆಯಲ್ಲಿ ನೀರಿನ ಟ್ಯೂಬು ಹಿಡಿದು ಮಟ್ಟ ನೋಡಿದಾಗ ನೆಲ ಅಂಚಿನಲ್ಲಿ ಹದಿನೆಂಟು ಮಿಲಿಮೀಟರ್ ಎದ್ದಿತ್ತು. ಕೆಳಗಿನ ಕಂಬಿಯನ್ನು ತೆಗೆಸಿಬಿಟ್ಟೆ. ಹಲಗೆಗಳು ಈಗ ಮೇಲಿನಿಂದ ಮಾತ್ರ ತೂಗುತ್ತವೆ, ಕೆಳಗೆ ಹುಲಿಗೆಪ್ಪ ಹೇಳಿದ ನಾಲ್ಕು ಬೆರಳು ಸಂದು. ಅಡುಗೆಮನೆಯ ಕಪಾಟು ಒಡೆದು ಬಾಗಿಲು ಮಾಡಿದೆವು. ಮೇಲಿನ ವೆಂಟಿಲೇಟರಿಗೆ ಸೀರೆ ತುರುಕಲು ಬಾರದಂತೆ ಒಳಗಿನಿಂದ ಜಾಲಿ ಕೂರಿಸಿದೆವು. ಎಲ್ಲ ಮುಗಿದ ಮೇಲೆ ಹಸೀನಾಬಿಯವರನ್ನು ಕರೆದು ಎಳೆದು ತೋರಿಸಿದೆ.

"ಗ್ವಾಡಿ ನಡೀತದ, ಖರೇ" ಎಂದರು. "ನಡಿಯೋದನ್ನ ಎಲ್ಲಾರಿಗೂ ತೋರಸ್ತೀರಿ. ನಿಂತ್ರ ಏನ ಮಾಡ್ಬೇಕಂತ ಒಬ್ಬರಿಗೂ ಹೇಳಂಗಿಲ್ಲ ನೀವು."

ಈ ಕೆಲಸ ನನಗೆ ಕಲಿಸಿದ್ದು ಆ ಮಾತಿನಲ್ಲಿಯೇ ಇದೆ. ಬದಲಾಗುವ ಮನೆ ಕಟ್ಟುವವನು ಅದು ಬದಲಾಗಿ ಮುಗಿದ ಎರಡು ಚಿತ್ರ ಬರೆದರೆ ಸಾಲದು. ಬದಲಾಗುತ್ತ ನಡುವೆ ಸಿಕ್ಕಿಕೊಂಡ ಮೂರನೆಯ ಚಿತ್ರವನ್ನೂ ಬರೆಯಬೇಕು, ಅದರೊಳಗೆ ಒಬ್ಬರನ್ನು ಮಲಗಿಸಿ ನೋಡಬೇಕು. ಈಗ ಯಾರೇ ಬಂದು ಮನೆ ಕಟ್ಟಿಸಬೇಕೆಂದರೂ ಕೋಣೆ ಎಷ್ಟು ಬೇಕು ಎಂದು ನಾನು ಮೊದಲು ಕೇಳುವುದಿಲ್ಲ. ನಿಮ್ಮ ಮನೆಯಲ್ಲಿ ಬೆಂಕಿ ಎಲ್ಲೆಲ್ಲಿ ಇಡುತ್ತೀರಿ ಎಂದು ಕೇಳುತ್ತೇನೆ. ಕೆಲವರು ನಗುತ್ತಾರೆ. ಅವರ ಮನೆಯ ಹಿರಿಯ ಹೆಂಗಸನ್ನು ಕರೆಸಿ ಮತ್ತೆ ಕೇಳುತ್ತೇನೆ.

ಕಳೆದ ವರ್ಷ ರೇಷ್ಮಾ ಎರಡನೆಯ ಬಾಣಂತನಕ್ಕೆ ಬಂದಳು. ಹೋಗಿದ್ದೆ. ಶೇಗಡಿ ಇರಲಿಲ್ಲ, ಬಿಸಿನೀರಿನ ಚೀಲ ಇಟ್ಟಿದ್ದರು. ಮೊದಲ ಕೂಸು ಆಗಲೇ ಅಂಗನವಾಡಿಗೆ ಹೋಗುವ ಹುಡುಗಿ. ಹಲಗೆಗೆ ಜೋತುಬಿದ್ದು ಅದನ್ನು ಸರಿಸುವುದೇ ಅವಳ ಆಟ. ಅವಳು ಅದನ್ನು ಜೋರಾಗಿ ನೂಕಿದಳು. ನಾನು ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ.

ಹಲಗೆ ಗೋಡೆಗೆ ತಾಕಲಿಲ್ಲ. ನಡುವೆ ಒಂದು ಲಟ್ಟಣಿಗೆ ಸಿಕ್ಕಿಕೊಂಡಿತ್ತು. ಹಲಗೆ ಪೂರ್ತಿ ಮುಚ್ಚದಂತೆ ಅದರ ಎರಡು ತುದಿಗೂ ದಾರ ಕಟ್ಟಿ ಚೌಕಟ್ಟಿಗೆ ಅಡ್ಡಲಾಗಿ ತೂಗುಹಾಕಿದ್ದರು.

"ಕುಂಡ್ರರೀ ಸಾಹೇಬ್ರ" ಎಂದರು ಹಸೀನಾಬಿ, ಅಡುಗೆಮನೆಯಿಂದಲೇ. "ನಿಮ್ಮ ಲೆಕ್ಕ ನೀವು ಮಾಡೀರಿ. ನಾ ನಂದೊಂದು ಇಟ್ಟೀನಿ."

ಕೂತೆ. ಆದರೆ ಆ ಹುಡುಗಿ ಹಲಗೆ ಬಿಟ್ಟು ಹೊರಗೆ ಆಡಲು ಹೋಗುವವರೆಗೆ ಚಹಾ ಮುಟ್ಟಲಿಲ್ಲ.