ಪುಟ್ಟಬಸಮ್ಮ ಗುಟ್ಟಾಗಿ ಬಿಡುತ್ತಿದ್ದ ಬೆರಳುಗಳು

ಹುಲ್ಲಹಳ್ಳಿಯಲ್ಲಿ ನಮ್ಮ ಪಕ್ಕದ ಮನೆ ಪುಟ್ಟಬಸಮ್ಮನದು. ಜಗುಲಿಯ ಮೇಲೆ ಮಿಷನ್ನು ಇಟ್ಟುಕೊಂಡು ಊರ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದಳು. ಆಗೆಲ್ಲ ಟೇಪಿನಲ್ಲಿ ಮೈ ಅಳೆಸಿಕೊಳ್ಳಲು ಯಾರು ಒಪ್ಪುತ್ತಿದ್ದರು? ಹೊಸ ಬಟ್ಟೆಯ ಜೊತೆ ಹಳೆಯದೊಂದು ರವಿಕೆಯನ್ನು ಅಳತೆಗೆ ಕೊಡುವುದು ರೂಢಿ. ನಮ್ಮೂರಿನ ಮಹಾತಾಯಂದಿರು ಕೊಡುತ್ತಿದ್ದದ್ದು ಮದುವೆಯಾದ ಹೊಸತರಲ್ಲಿ ತೊಟ್ಟ ರವಿಕೆ. ಮೂರು ಹೆತ್ತ ಮೇಲೂ ಅದೇ! ಪುಟ್ಟಬಸಮ್ಮ "ಆಗ್ಲಿ ಕಣಕ್ಕ" ಎಂದು ಇಸಿದುಕೊಂಡು, ಅವರು ಬೀದಿ ತಿರುಗುವವರೆಗೆ ಹಿಂದಿನಿಂದ ಕಣ್ಣಲ್ಲೇ ಅಳೆದು, ಎರಡೋ ನಾಲ್ಕೋ ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸುತ್ತಿದ್ದಳು. ಬಟ್ಟೆ ಕದಿಯುವ ದರ್ಜಿಗಳನ್ನು ಕಂಡಿದ್ದೇನೆ, ಕದ್ದು ಸಡಿಲ ಮಾಡುವವಳು ಇವಳೊಬ್ಬಳೇ.

ಎಪ್ಪತ್ತೆಂಟನೇ ಇಸವಿಯಲ್ಲಿ ಸಿದ್ದಲಿಂಗಮ್ಮನವರ ಮಗಳಿಗೆ ಮದುವೆ ಗೊತ್ತಾಯಿತು. ಅವರು ಊರಿಗೆಲ್ಲ ದಪ್ಪ, ಊರಿಗೆಲ್ಲ ಜೋರು. ಆ ಮನೆಯ ರವಿಕೆಗಳೆಲ್ಲ ತನಗೇ ಸಿಕ್ಕರೆ ಸೋರುವ ಅಡುಗೆಮನೆಗೆ ಹೆಂಚು ಹೊದಿಸಬಹುದೆಂದು ಪುಟ್ಟಬಸಮ್ಮನಿಗೆ ಆಸೆ. ಅಷ್ಟರಲ್ಲಿ ಸಿದ್ದಲಿಂಗಮ್ಮನವರೇ ಒಂದು ತುಂಡು ಬಟ್ಟೆ ಹಿಡಿದು ಬಂದರು.

"ನಮ್ಮಣ್ಣ ಬೊಂಬಾಯಿಂದ ತಂದವ್ನೆ. ಎಳುದ್ರೆ ಇಗ್ತದೆ ಕಣಮ್ಮಿ. ಇದ ಚೆಂದಾಗಿ ಒಲ್ದ್ಕೊಡು, ಮದ್ವೆ ರವ್ಕೆ ಎಲ್ಲಾ ನಿಂಗೇಯ" ಎಂದು, ಅಳತೆಗೆ ಅದೇ ಹಳೆಯ ರವಿಕೆ ಕೊಟ್ಟು ಹೋದರು.

ಬಿಚ್ಚಿ ಹಾಸಿದರೆ ಬಟ್ಟೆ ಆ ರವಿಕೆಗೇ ಸಾಲದು, ಇನ್ನು ಗುಟ್ಟಿನ ಬೆರಳಿಗೆ ಜಾಗವೆಲ್ಲಿ? ಪುಟ್ಟಬಸಮ್ಮ ಬಟ್ಟೆಯನ್ನು ಉದ್ದಕ್ಕೆ ಎಳೆದಳು, ಜಪ್ಪಯ್ಯ ಅನ್ನಲಿಲ್ಲ. ಅಡ್ಡಕ್ಕೆ ಎಳೆದಳು, ಹಿಗ್ಗಿತು. ಹಿಗ್ಗುವ ಕಡೆ ಎದೆಯ ಸುತ್ತಳತೆಗೆ ಬರುವಂತೆ ಹಾಸಿ, ತೋಳಿಗೆ ಸಾಲದ್ದನ್ನು ಕಂಕುಳಲ್ಲಿ ತುಂಡು ಜೋಡಿಸಿ, ಜನ್ಮದಲ್ಲಿ ಮೊದಲ ಸಲ ಅಳತೆ ಹೇಳಿದಂತೆಯೇ ಕತ್ತರಿಸಿದಳು. ಮೈಮೇಲೆ ಹಿಗ್ಗಿದಾಗ ನೂಲು ಕಿತ್ತುಬರಬಾರದೆಂದು ಬಟ್ಟೆಯನ್ನು ಎಳೆದೆಳೆದು ಹಿಡಿದು ಹೊಲಿದಳು.

ತೊಟ್ಟು ನೋಡಲು ಸಿದ್ದಲಿಂಗಮ್ಮನವರು ಒಳಗೆ ಹೋದಾಗ ನಾನು ಜಗುಲಿಯಲ್ಲಿ ಪುಟ್ಟಬಸಮ್ಮನ ಪಕ್ಕ, ಬಟ್ಟೆ ಹರಿಯುವ ಪರ್ರೆಂಬ ಸದ್ದಿಗೆ ಕಿವಿಗೊಟ್ಟು ಕೂತಿದ್ದೆ. ಸದ್ದೇ ಬರಲಿಲ್ಲ. ಹೊರಗೆ ಬಂದರು, ಕೈ ಎತ್ತಿದರು, ಬಗ್ಗಿದರು. ಹೇಳಿ ಮಾಡಿಸಿದಂತೆ ಕೂತಿತ್ತು. ಬಿಚ್ಚಿ ತಂದು ಹಳೆಯ ರವಿಕೆಯ ಮೇಲಿಟ್ಟು ನೋಡಿದರು. ಎರಡೂ ಒಂದೇ ಅಳತೆ. ಮುಖ ಕೆಂಪಾಯಿತು.

"ಅಳ್ತೆಗ್ ಸರ್ಯಾಗಿ ಒಲುದ್ರೆ ಇಂಗ್ ಕೂರ್ತದಲ್ಲ! ಅಂಗಾರೆ ಇಷ್ಟ್ ವರ್ಸ ಸಡ್ಲ ಒಲ್ದು ನನ್ನ ದಪ್ಪ ಕಾಣಂಗ್ ಮಾಡ್ದೋಳು ನೀನೇಯ?"

ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಪುಟ್ಟಬಸಮ್ಮ ನನ್ನ ತೊಡೆ ಚಿವುಟಿದಳು. "ತಪ್ಪಾಯ್ತು ಕಣಕ್ಕ" ಎಂದಳು.

ಮಾರನೆಯ ದಿನ ಮದುವೆಯ ರೇಷ್ಮೆ ಬಂತು, ಜೊತೆಗೆ ಕಾವಲಿಗೆ ಸಿದ್ದಲಿಂಗಮ್ಮನವರೂ ಬಂದರು. "ನನ್ ಮುಂದೇನೇ ಕತ್ರುಸು. ಒಂದ್ ಬೆರಳೂ ಎಚ್ಗೆ ಬುಡ್ಬ್ಯಾಡ."

ಕತ್ತರಿ ಹಿಡಿದ ಪುಟ್ಟಬಸಮ್ಮನ ಕೈ ಅಲ್ಲೇ ನಿಂತಿತು. ಅಳತೆಗೆ ಕತ್ತರಿಸಿದರೆ ಹಿಗ್ಗದ ರೇಷ್ಮೆ ಮದುವೆ ಮನೆಯಲ್ಲೇ ಸೀಳುತ್ತದೆ, ಕತ್ತರಿಸದಿದ್ದರೆ ಕೆಲಸ ಹೋಗುತ್ತದೆ. ನೆಲ ನೋಡಿಕೊಂಡು ಮೆಲ್ಲಗೆ ಹೇಳಿದಳು:

"ರೇಸ್ಮೆ ನೀರ್ಗಾಕುದ್ರೆ ಕುಗ್ತದೆ ಕಣಕ್ಕ. ನಾಕ್ ಬೆರಳು ಬುಡ್ಬೇಕಾಯ್ತದೆ."

ಸಿದ್ದಲಿಂಗಮ್ಮನವರು ನನ್ನತ್ತ ಒಮ್ಮೆ ನೋಡಿ, ಆಮೇಲೆ ಬೀದಿಯ ಕಡೆ ತಿರುಗಿ ಕೂತು ಹೇಳಿದರು:

"ನಾಕ್ ಸಾಕಾ ಅಮ್ಮಿ? ಆರು ಬುಟ್ಬುಡು."